ಡಾಕ್ಟರರ ಅಂಕಿಯೇ ಕೊನೆಯ ಮಾತಲ್ಲ



ಕೆಲಸದಲ್ಲಿ ಗಾಯಗೊಂಡವರು ಡಾಕ್ಟರರ ಸರ್ಟಿಫಿಕೇಟು ಕೈಗೆ ಬಂದೊಡನೆ "ಇಷ್ಟೇ ಬರೆದಿದ್ದಾರೆ, ಇನ್ನೇನು ಮಾಡುವುದು?" ಎಂದು ಎದೆಗುಂದುತ್ತಾರೆ. ಎದೆಗುಂದಬೇಡಿರಿ ಎಂದು ಹೇಳಲು ನಾವು ಇಂದು ನಿಂತಿದ್ದೇವೆ.

ಒಬ್ಬ ಬಡಗಿಯ ಸಂಗತಿ ಕೇಳಿರಿ. 1968ರಲ್ಲಿ ಸಿನೆಮಾ ಮಂದಿರವೊಂದರ ಕೆಲಸದಲ್ಲಿ ಬಿದ್ದು, ಆತ ಎಡಗೈಯನ್ನೇ ಕಳೆದುಕೊಂಡ. ಇದು ಪೂರ್ಣ ಅಶಕ್ತತೆಯಲ್ಲವೆಂದು ಮಾಲಿಕರು ವಾದಿಸಿದರು. ಒಂದೇ ಕೈಯಿಂದ ಬಡಗಿತನ ಸಾಗದು, ಗಳಿಕೆಯ ಶಕ್ತಿ ನೂರಕ್ಕೆ ನೂರೂ ಹೋಯಿತು ಎಂದರು ಪರಿಹಾರದ ಕಮಿಷನರರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1975ರಲ್ಲಿ ಆ ಕೋರ್ಟೂ ಬಡಗಿಯ ಪಕ್ಷವನ್ನೇ ಎತ್ತಿಹಿಡಿಯಿತು.

ದೇಹಕ್ಕಾದ ಊನ ಬೇರೆ, ದುಡಿಮೆಗಾದ ನಷ್ಟ ಬೇರೆ. ಬೆರಳೊಂದು ಹೋದರೆ ಕಾವಲುಗಾರನಿಗೂ ನೇಯ್ಗೆಯವನಿಗೂ ಆಗುವ ನಷ್ಟ ಒಂದೇ ಅಲ್ಲ.

ಆದರೆ ಒಂದು ಎಚ್ಚರಿಕೆ. ಮಹತ್ವದ ಕಾನೂನು ಪ್ರಶ್ನೆಯಿಲ್ಲದೆ ಹೈಕೋರ್ಟು ಇಂತಹ ಅಪೀಲನ್ನು ಕೇಳುವುದಿಲ್ಲ. ಸಾಕ್ಷ್ಯವನ್ನು ಹೊಸದಾಗಿ ತೂಗಲು ಅದು ಕುಳಿತಿಲ್ಲ. ಆದುದರಿಂದ ನಿಮ್ಮ ಕೆಲಸವೇನು, ಎಷ್ಟು ಭಾರ ಎತ್ತುತ್ತಿದ್ದಿರಿ, ಈಗ ಏನು ಆಗದು ಎಂಬುದನ್ನು ಡಾಕ್ಟರರಿಗೂ ತಿಳಿಸಿರಿ, ಮೊದಲ ವಿಚಾರಣೆಯಲ್ಲಿಯೇ ಬರೆಯಿಸಿರಿ. ಅಲ್ಲಿ ಬಾಯಿ ಮುಚ್ಚಿದರೆ ಮೇಲೆ ಬಾಯಿ ತೆರೆದು ಫಲವಿಲ್ಲ.