ಒಳದಾರಿಯ ಲೆಕ್ಕ



ಉದಯಗಿರಿಯ ಮುಖ್ಯರಸ್ತೆಯಲ್ಲಿ ಬಸ್ಸು, ಆಟೊ, ಲಗೇಜು ಗಾಡಿ ಎಲ್ಲ ಒಟ್ಟಿಗೆ ಓಡುತ್ತವೆ. ಹಿಂದಿನ ಬೀದಿಯ ಮನೆಗೆ ಹೋಗುವವರು ಆ ದಟ್ಟಣೆಗೆ ಇಳಿಯುವುದಿಲ್ಲ. ಒಳಗಿನ ಕ್ರಾಸ್‌ನಲ್ಲೇ ನಡೆದುಬಿಡುತ್ತಾರೆ. ಸರ್ವರ್ ಕ್ಲಸ್ಟರಿಗೂ ಅಂಥ ಒಳದಾರಿ, ಅಂದರೆ ಖಾಸಗಿ ನೆಟ್‌ವರ್ಕ್, ಬೇಕು. ಅದನ್ನು ಕಟ್ಟುವ ಬಗೆಯೇ ಈ ವಿಚಾರ ಸಂಕಿರಣದ ವಿಷಯ.

1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಸಾಮಾನ್ಯ ಬಿಡಿಭಾಗಗಳ 16 ಕಂಪ್ಯೂಟರುಗಳನ್ನು ಈಥರ್‌ನೆಟ್‌ನಿಂದ ಬೆಸೆದು, ಲಿನಕ್ಸ್ ಹಾಕಿ, ಬಿಯೊವುಲ್ಫ್ ಕ್ಲಸ್ಟರ್ ಕಟ್ಟಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್. ಗಾತ್ರ ಬೇರೆ, ತತ್ವ ಒಂದೇ. ನೋಡ್‌ಗಳ, ಅಂದರೆ ಕ್ಲಸ್ಟರಿನ ಯಂತ್ರಗಳ, ಪರಸ್ಪರ ಮಾತುಕತೆಗೆ ಅಡ್ಡಿಯಾದರೆ ಎಂಥ ಪ್ರೊಸೆಸರ್ ಆದರೂ ಕಾಯುತ್ತ ಕೂರಬೇಕಾಗುತ್ತದೆ.

ಒಳದಾರಿಗೆ ವಿಳಾಸಗಳು ಸಿದ್ಧವಾಗಿವೆ. 1996ರ ಆರ್‌ಎಫ್‌ಸಿ 1918 ಎಂಬ ಇಂಟರ್‌ನೆಟ್ ದಾಖಲೆ ಖಾಸಗಿ ಬಳಕೆಗೆಂದು ಮೂರು ಗುಂಪು ಮೀಸಲಿಟ್ಟಿತು. 10ರಿಂದ ಶುರುವಾಗುವ ಗುಂಪೊಂದರಲ್ಲೇ 1.67 ಕೋಟಿಗೂ ಹೆಚ್ಚು ವಿಳಾಸಗಳಿವೆ. ಹಾಗಿದ್ದೂ ಹಲವರು ಮನೆಯ ರೌಟರಿನಲ್ಲಿರುವ 192.168.1ನ್ನೇ ಕ್ಲಸ್ಟರಿಗೂ ಕೊಡುತ್ತಾರೆ. ಮನೆಯಿಂದ ವಿಪಿಎನ್ ಮೂಲಕ ಬಂದ ದಿನ ಎರಡೂ ಡಿಕ್ಕಿ ಹೊಡೆಯುತ್ತವೆ.

ಎರಡು ನೆಟ್‌ವರ್ಕ್ ಕಾರ್ಡ್ ಇರುವ ಯಂತ್ರದಲ್ಲಿ ಡಿಫಾಲ್ಟ್ ಗೇಟ್‌ವೇ ಹೊರಗಿನ ಕಾರ್ಡಿಗೆ ಮಾತ್ರ ಇರಲಿ. ಒಳಗಿನದಕ್ಕೂ ಕೊಟ್ಟರೆ ಹೊರಗೆ ಹೋಗಬೇಕಾದ ಪ್ಯಾಕೆಟ್ಟು ಒಳಗೆ ನುಗ್ಗಿ ಕಳೆದುಹೋಗಬಹುದು. ಲಿನಕ್ಸಿನ ಐಪಿ ಕಮ್ಯಾಂಡಿನಿಂದ ಕೊಟ್ಟ ವಿಳಾಸ ರೀಬೂಟ್ ಆದೊಡನೆ ಅಳಿಸಿಹೋಗುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಅಥವಾ ನೆಟ್‌ಪ್ಲಾನ್‌ನಂಥ ಕಡೆ ಬರೆದಿಟ್ಟದ್ದಷ್ಟೇ ಉಳಿಯುತ್ತದೆ. ಫೈಲು ಹಂಚುವ ಎನ್‌ಎಫ್‌ಎಸ್‌ನಂಥ ಸೇವೆಗಳು ಒಳಗಿನ ಕಾರ್ಡಿನಲ್ಲಿ ಮಾತ್ರ ಕಿವಿಗೊಡಲಿ. ಆದರೆ ಖಾಸಗಿ ವಿಳಾಸವನ್ನೇ ಬೀಗವೆಂದು ನಂಬಬೇಡಿ. ಒಂದು ನೋಡ್ ಕಳ್ಳರ ಕೈಗೆ ಸಿಕ್ಕರೆ ಉಳಿದವುಗಳ ಬಾಗಿಲು ಅವರೆದುರೇ ಇರುತ್ತದೆ. ಒಳಗೂ ಫೈರ್‌ವಾಲ್ ಬೇಕು.

ನಾನು ಮೊದಲು ಕಟ್ಟಿದ ಕ್ಲಸ್ಟರಿನಲ್ಲಿ ಪಿಂಗ್‌ಗೆ ಉತ್ತರ ಬರುತ್ತಿತ್ತು, ದೊಡ್ಡ ಫೈಲು ಮಾತ್ರ ನಡುವೆ ನಿಂತುಬಿಡುತ್ತಿತ್ತು. ಕೇಬಲ್ಲು ಬದಲಿಸಿದೆವು, ಕಾರ್ಡು ಬದಲಿಸಿದೆವು. ಎರಡು ದಿನದ ಮೇಲೆ ತಿಳಿಯಿತು: ನೋಡ್‌ಗಳಲ್ಲಿ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 9000, ಸ್ವಿಚ್ಚಿನಲ್ಲಿ 1500. ಸಣ್ಣ ಪ್ಯಾಕೆಟ್ಟು ದಾಟುತ್ತಿತ್ತು, ದೊಡ್ಡದನ್ನು ಸ್ವಿಚ್ಚು ಸದ್ದಿಲ್ಲದೆ ಎಸೆಯುತ್ತಿತ್ತು. ಸ್ವಿಚ್ಚಿನ ಸೆಟ್ಟಿಂಗನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದೇ. ಕೀಲಿಮಣೆ ಮುಟ್ಟುವ ಮೊದಲು ಹಾಳೆ ತೆಗೆದುಕೊಳ್ಳಿ. ಯಾವ ಯಂತ್ರ, ಯಾವ ಕಾರ್ಡು, ಯಾವ ವಿಳಾಸ, ಎಂಟಿಯು ಎಷ್ಟು, ಗೇಟ್‌ವೇ ಎಲ್ಲಿ ಎಂದು ಬರೆಯಿರಿ. ಬದಲಾವಣೆ ಮಾಡಿದ ದಿನವೇ ಹಾಳೆಯನ್ನೂ ತಿದ್ದಿ. ನಿಮ್ಮ ನಂತರ ಆ ಕ್ಲಸ್ಟರನ್ನು ನೋಡಿಕೊಳ್ಳುವವರಿಗೆ ನೀವು ಬಿಟ್ಟುಹೋಗಬಹುದಾದ ದೊಡ್ಡ ಉಪಕಾರ ಆ ಒಂದು ಹಾಳೆ.