ಫಿನ್ಲೆಂಡಿನ ಜನ ಮತ್ತು ಅವರ ನಿತ್ಯದ ಬಾಳು

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಒಂದು ಜನಕ್ಕೆ ತನ್ನತನ ಎಲ್ಲಿಂದ ಬರುತ್ತದೆ? ರಾಜರ ಕಥೆಗಳಿಂದ, ಕೋಟೆಕೊತ್ತಲಗಳಿಂದ ಎನ್ನುವವರು ಬಹಳ. ಫಿನ್ಲೆಂಡಿನವರಿಗೆ ಸ್ವಂತ ರಾಜವಂಶವೇ ಇರಲಿಲ್ಲ. 1809ರವರೆಗೆ ಸ್ವೀಡನ್ನಿನ ಆಳ್ವಿಕೆ. ಅನಂತರ 1917ರವರೆಗೆ ರಷ್ಯದ ಚಕ್ರವರ್ತಿಯ ಆಳ್ವಿಕೆ. ಕೋರ್ಟು ಕಚೇರಿಗಳಲ್ಲಿ ಸ್ವೀಡಿಷ್ ನುಡಿ. ರೈತರ, ಕೂಲಿಗಳ, ಮನೆಯಾಳುಗಳ ಬಾಯಲ್ಲಿ ಫಿನ್ನಿಷ್. ಆಡಳಿತದಲ್ಲಿ ಫಿನ್ನಿಷ್ ನುಡಿಗೆ ಸಮಸ್ಥಾನ ಬರಬೇಕೆಂಬ ಆಜ್ಞೆ ಹೊರಟದ್ದು 1863ರಲ್ಲಿ. ಅಲ್ಲಿಯವರೆಗೆ ಅದನ್ನು ಕಾಪಾಡಿದ್ದು ಬಡವರ ಗುಡಿಸಲು.

ಆ ನುಡಿಯ ಕಟ್ಟು ನಮಗೆ ಪರಕೀಯವೆನಿಸಲಿಲ್ಲ. 'ತಾಲೊ' ಎಂದರೆ ಮನೆ, 'ತಾಲೊಸ್ಸ' ಎಂದರೆ ಮನೆಯಲ್ಲಿ; ಕನ್ನಡದಂತೆಯೇ ಪದದ ಕೊನೆಗೆ ಪ್ರತ್ಯಯ ಹತ್ತುತ್ತದೆ. ಅವನು ಎನ್ನುವುದಕ್ಕೂ ಅವಳು ಎನ್ನುವುದಕ್ಕೂ ಒಂದೇ ಮಾತು, 'ಹ್ಯಾನ್'.

ಕೆಲಸದ ನಿಮಿತ್ತ ಕೆಲವು ವರ್ಷ ಅಲ್ಲಿದ್ದ ನಾವು ಫಿನ್ನರನ್ನು ಅರಿತದ್ದು ಹೆಚ್ಚಾಗಿ ಸೌನಾದಲ್ಲಿ. ಸೌನಾ ಎಂದರೆ ಹಬೆಮನೆ. ಒಲೆಯ ಮೇಲೆ ಕಾದ ಕಲ್ಲುಗಳಿಗೆ ನೀರು ಚಿಮುಕಿಸಿ, ಏಳುವ ಹಬೆಯಲ್ಲಿ ಮರದ ಹಲಗೆಯ ಮೇಲೆ ಬರಿಮೈಯಲ್ಲಿ ಕೂರುತ್ತಾರೆ. ಸುಮಾರು 55 ಲಕ್ಷ ಜನರ ಆ ನಾಡಿನಲ್ಲಿ 30 ಲಕ್ಷದಷ್ಟು ಸೌನಾಗಳಿವೆ. ಹಿಂದೆ ಹೆಂಗಸರಿಗೆ ಹೆರಿಗೆಯಾಗುತ್ತಿದ್ದದ್ದೂ ಅಲ್ಲೇ, ಸತ್ತವರ ಮೈ ತೊಳೆಯುತ್ತಿದ್ದದ್ದೂ ಅಲ್ಲೇ. ನಮ್ಮ ಪಕ್ಕದಲ್ಲಿ ಮೇಲಧಿಕಾರಿಯೂ ಕೂತ, ಕಸ ಗುಡಿಸುವವನೂ ಕೂತ. ಅಂಗಿಯೇ ಇಲ್ಲದ ಮೇಲೆ ಅಂತಸ್ತನ್ನು ಎಲ್ಲಿ ಸಿಕ್ಕಿಸಿಕೊಳ್ಳುವುದು? ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಸುಮ್ಮನೆ ಜೊತೆಗಿರುವುದೂ ಅಲ್ಲಿ ಒಂದು ಮರ್ಯಾದೆ.

ನಮ್ಮ ಹಳ್ಳಿಗಳ ಮುಯ್ಯಾಳಿನಂತೆ ಅವರಲ್ಲಿ 'ತಾಲ್ಕೋತ್' ಎಂಬುದಿದೆ. ಒಬ್ಬರ ಸೂರು ಹಾಕಲು, ಅಂಗಳ ಹಸನು ಮಾಡಲು ನೆರೆಯವರೆಲ್ಲ ಕೂಡುತ್ತಾರೆ. ಕೂಲಿಯಿಲ್ಲ, ಊಟವೋ ಕಾಫಿಯೋ ಉಂಟು. ಕಾಡು ಯಾರದಾದರೂ ಸರಿ, ಮನೆಯಂಗಳಕ್ಕೂ ಬೆಳೆಗೂ ಕೇಡು ಮಾಡದೆ ಹಣ್ಣು, ಅಣಬೆ ಆಯ್ದುಕೊಳ್ಳುವ ಹಕ್ಕು ಎಲ್ಲರಿಗೂ ಇದೆ.

ಆದರೆ ಮಿತ್ರರೇ, ಇಷ್ಟನ್ನೇ ನೋಡಿ ಮೈಮರೆಯಬಾರದು. ಹಲಗೆಯ ಮೇಲೆ ಸಮಾನರಾಗಿ ಕೂತವರು ಹೊಲದಲ್ಲಿ ಸಮಾನರಾಗಿರಲಿಲ್ಲ. ಗೇಣಿದಾರರು ಗೇಣಿಯ ಬಾಬ್ತು ಧಣಿಯ ಭೂಮಿಯಲ್ಲಿ ಇಷ್ಟು ದಿನವೆಂದು ದುಡಿಯಬೇಕಿತ್ತು. 1906ರಲ್ಲಿ ಹೆಂಗಸರೂ ಸೇರಿ ವಯಸ್ಕರೆಲ್ಲರಿಗೆ ಮತದಾನದ ಮತ್ತು ಚುನಾವಣೆಗೆ ನಿಲ್ಲುವ ಹಕ್ಕು ಬಂತು. 1907ರಲ್ಲಿ 200 ಸದಸ್ಯರ ಸಭೆಗೆ 19 ಹೆಂಗಸರು ಆಯ್ಕೆಯಾದರು. ಅವರಲ್ಲೊಬ್ಬರು ಮೀನಾ ಸಿಲ್ಲನ್‌ಪ್ಯಾ. 12ನೆಯ ವಯಸ್ಸಿಗೆ ಕಾರ್ಖಾನೆ ಸೇರಿ, ಮುಂದೆ ಮನೆಗೆಲಸ ಮಾಡಿದ ಈ ತಾಯಿ 1926ರಲ್ಲಿ ಆ ದೇಶದ ಮೊದಲ ಮಹಿಳಾ ಮಂತ್ರಿಯಾದರು.

ಮತ ಬಂದರೂ ಭೂಮಿ ಬರಲಿಲ್ಲ, ಹಸಿವು ಹೋಗಲಿಲ್ಲ. 1918ರಲ್ಲಿ ಕೆಂಪು ಪಕ್ಷ, ಬಿಳಿ ಪಕ್ಷ ಎಂದು ನಾಡು ಇಬ್ಭಾಗವಾಗಿ ಕಾದಾಡಿತು. 36 ಸಾವಿರಕ್ಕೂ ಹೆಚ್ಚು ಜನ ಸತ್ತರು. ಇವರಲ್ಲಿ 12 ಸಾವಿರಕ್ಕೂ ಮಿಕ್ಕವರು ಸೋತ ಪಕ್ಷದ ಸೆರೆಯಾಳುಗಳು. ಶಿಬಿರಗಳಲ್ಲಿ ಹಸಿವಿನಿಂದ, ರೋಗದಿಂದ ಸತ್ತವರು. ಒಂದೇ ನುಡಿ, ಒಂದೇ ಹಬೆಮನೆ ಈ ಅನಾಹುತವನ್ನು ತಡೆಯಲಿಲ್ಲ. ಗೇಣಿದಾರರು ತಮ್ಮ ಹಿಡುವಳಿಯನ್ನು ಕೊಂಡುಕೊಳ್ಳುವ ಕಾನೂನು ಬಂದದ್ದು ಆ ರಕ್ತಪಾತದ ನಂತರ, ಅದೇ ವರ್ಷದ ಕೊನೆಯ ಭಾಗದಲ್ಲಿ.

ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಮಾಯಿಸಿದ್ದು ಬರಿಯ ಬೋಧನೆಯಲ್ಲ. 1938ರಿಂದ ಬಡ ಬಾಣಂತಿಯರಿಗೆ, 1949ರಿಂದ ಎಲ್ಲ ತಾಯಂದಿರಿಗೆ, ಮಗುವಿನ ಬಟ್ಟೆಬರೆಯ ನೆರವು ಸಿಕ್ಕಿತು. ಶಾಲೆಯ ಮಕ್ಕಳಿಗೆ ಪುಕ್ಕಟೆ ಊಟ ಕೊಡಬೇಕೆಂಬ ಕಾನೂನು 1943ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ ಬಂದು, 1948ರಿಂದ ಪೂರ್ತಿ ಜಾರಿಯಾಯಿತು. ಕೆಂಪರ ಮೊಮ್ಮಗನೂ ಬಿಳಿಯರ ಮೊಮ್ಮಗಳೂ ಒಂದೇ ಪಂಕ್ತಿಯಲ್ಲಿ ಉಂಡರು. ಪಂಕ್ತಿಭೇದವನ್ನು ಬಲ್ಲ ನಮಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಉತ್ತರದ ಸಾಮಿ ಜನರ ಮಕ್ಕಳಿಗೆ ಶಾಲೆಯಲ್ಲಿ ತಾಯ್ನುಡಿ ಬಹುಕಾಲ ದಕ್ಕಲಿಲ್ಲ. ಒಮ್ಮೆ ತುಳಿಸಿಕೊಂಡ ನುಡಿಯವರೇ ಇನ್ನೊಂದು ನುಡಿಯನ್ನು ತುಳಿದರು! ಆ ಅನ್ಯಾಯದ ವಿಚಾರಣೆಗೆ 2021ರಲ್ಲಿ ಆಯೋಗ ನೇಮಕವಾಯಿತು. ಹೊರನಾಡಿನಿಂದ ದುಡಿಯಲು ಹೋದ ನಮ್ಮಂಥವರ ಅರ್ಜಿ, ಹೆಸರು ಕಂಡೊಡನೆ ಬದಿಗೆ ಸರಿದದ್ದನ್ನೂ ನಾವು ನೋಡಿದ್ದೇವೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಒಂದು ಜನದ ತನ್ನತನ ರಕ್ತದಲ್ಲಿ ಬರುವ ಪಿತ್ರಾರ್ಜಿತವಲ್ಲ. ಅದು ಎಲ್ಲರೂ ಹಂಚಿಕೊಂಡ ಊಟ, ನೆಲ, ನುಡಿ. ಫಿನ್ನರ ಹಲಗೆ ಗಟ್ಟಿಯಾದದ್ದು ಹೊಸಬರು ಕೂತಾಗಲೆಲ್ಲ. ಮುರಿದದ್ದು ಕೆಲವರನ್ನು ಕೆಳಗೆ ನಿಲ್ಲಿಸಿದಾಗ.