ದಿನಕ್ಕೊಂದು ದೀಪ, ದಿನಕ್ಕೊಂದು ಸಾಲು



ನಾವು ರಿಪ್ಪನ್‌ಪೇಟೆ ಕಡೆಯ ಹೆಂಗಸರು. ಗದ್ದೆ ನಾಟಿ ಮಾಡುವವರು. ಅಡಿಕೆ ಸುಲಿಯುವವರು. ಬೆಳಿಗ್ಗೆ ಕೊಟ್ಟಿಗೆ ಕೆಲಸದಿಂದ ರಾತ್ರಿ ಪಾತ್ರೆ ತೊಳೆಯುವ ತನಕ ನಮಗೆ ಪುರುಸೊತ್ತಿಲ್ಲ. "ದೇವರನ್ನ ನೆನೆಯೋಕೆ ಹೊತ್ತೆಲ್ಲಿದೆ?" ಅಂತ ನಾವೂ ಕೇಳುತ್ತಿದ್ದೆವು.

ವರ್ಷಕ್ಕೊಮ್ಮೆ ಭೂಮಿ ಹುಣ್ಣಿಮೆ ಮಾಡುತ್ತೇವೆ. ರಾತ್ರಿಯೆಲ್ಲ ಅಡಿಗೆ ಮಾಡಿ, ಬೆಳಗಿನ ಜಾವ ಗದ್ದೆಗೆ ಹೋಗಿ ಚರಗ ಬೀರುತ್ತೇವೆ. ಹತ್ತಿರದ ಹುಂಚಕ್ಕೆ ಹೋಗಿ ಪದ್ಮಾವತಿ ಅಮ್ಮನವರಿಗೆ ಕೈ ಮುಗಿಯುತ್ತೇವೆ. ಅದೆಲ್ಲ ಒಳ್ಳೆಯದೇ. ಆದರೆ ಉಳಿದ ದಿನ? ಕಷ್ಟ ಹಬ್ಬ ನೋಡಿಕೊಂಡು ಬರುವುದಿಲ್ಲ.

ನಮ್ಮಲ್ಲಿ ಒಬ್ಬಾಕೆಯ ಗಂಡ ಮಳೆಗಾಲದಲ್ಲಿ ತೀರಿಕೊಂಡರು. ಆಕೆಗೆ ದೇವರ ಮೇಲೇ ಸಿಟ್ಟು ಬಂತು. ದೀಪ ಹಚ್ಚುವುದನ್ನು ಬಿಟ್ಟಳು. ಸಂಜೆಯಾದರೆ ಮನೆಯಲ್ಲಿ ಮಾತಿಲ್ಲ. ಒಂದು ದಿನ ಮಗಳು ತಾನೇ ಬತ್ತಿ ಹೊಸೆದು ದೀಪ ಹಚ್ಚಿದಳು. "ಅಮ್ಮಾ, ಬಾ ಕೂತ್ಕೋ. ನೀನು ಓದು, ನಾನು ಕೇಳ್ತೀನಿ" ಅಂದಳು.

ಆಕೆ ಆಗಷ್ಟೇ ನಮ್ಮ ಜೊತೆ ಅಕ್ಷರ ಕಲಿತಿದ್ದಳು. ತಡವರಿಸುತ್ತಾ ವಚನದ ಒಂದೇ ಸಾಲು ಓದಿದಳು. ಮರುದಿನ ಇನ್ನೊಂದು ಸಾಲು. ಆಮೇಲೆ ಅತ್ತೆಯೂ ಬಂದು ಕೂತರು. ಹತ್ತು ನಿಮಿಷ, ಅಷ್ಟೇ.

ಹೋದ ಗಂಡ ಬರಲಿಲ್ಲ. ಸಾಲವೂ ತೀರಲಿಲ್ಲ. ಆದರೆ ಆಕೆ ನಮಗೆ ಹೇಳಿದಳು: "ಸಂಜೆ ಅಂದ್ರೆ ಹೆದರಿಕೆ ಆಗ್ತಿತ್ತು. ಅದು ಹೋಯ್ತು. ಈಗ ನಾಳೆ ಯಾವ ಸಾಲು ಓದೋಣ ಅಂತ ಕಾಯ್ತೀನಿ."

ಭಕ್ತಿಗೆ ದೊಡ್ಡ ದಾರಿಯೂ ಇದೆ, ಸಣ್ಣ ದಾರಿಯೂ ಇದೆ. ಅಕ್ಕಮಹಾದೇವಿ ನಮ್ಮ ಜಿಲ್ಲೆಯವಳೇ. ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. 12ನೇ ಶತಮಾನದಲ್ಲಿ ಎಲ್ಲವನ್ನೂ ಬಿಟ್ಟು ಹೊರಟಳು. ಅದು ಎಲ್ಲರಿಗೂ ಆಗುವುದಲ್ಲ.

ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಅವಳು ಮನೆ ಬಿಡಲಿಲ್ಲ. ಗಂಡ ಮಾರಯ್ಯ ದಿನವೂ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ಇಬ್ಬರೂ ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯ ಹೆಚ್ಚು ಅಕ್ಕಿ ತಂದ. ಇಷ್ಟು ಆಸೆ ನಮಗೆ ಬೇಡವೆಂದು ಲಕ್ಕಮ್ಮ ಅದನ್ನು ವಾಪಸು ಕಳಿಸಿದಳು. ಹೀಗೆ ಕಥೆ ಹೇಳುತ್ತದೆ. ಅವಳು ಬರೆದ ವಚನಗಳನ್ನು ಇಂದು ನಾವೂ ಓದಬಹುದು.

ಹಾಗಾದರೆ ನಾವು ಏನು ಮಾಡೋಣ?

ಸಂಜೆ ಒಂದೇ ಹೊತ್ತು ಗೊತ್ತು ಮಾಡೋಣ. ಅಡಿಕೆ ಸುಲಿಯಲು ಕೂರುವ ಮೊದಲು ಆದರೂ ಆದೀತು. ಮಕ್ಕಳನ್ನು ಕರೆಯೋಣ. ಗಂಡಸರನ್ನೂ ಕರೆಯೋಣ. ವಚನವೋ, ದಾಸರ ಪದವೋ, ಕುರಾನೋ, ಬೈಬಲ್ಲೋ, ಜಿನಸ್ತುತಿಯೋ, ಅವರವರ ಮನೆಯದು ಅವರವರಿಗೆ. ಒಂದು ಸಾಲು ಓದೋಣ. ಅದರ ಅರ್ಥ ಮಾತಾಡೋಣ. ಇದಕ್ಕೆ ಸಾಲ ಬೇಡ, ಖರ್ಚು ಬೇಡ. ಒಂದು ದಿನ ತಪ್ಪಿದರೆ ಹೆದರುವುದು ಬೇಡ. ಮರುದಿನ ಮತ್ತೆ ಕೂರೋಣ.

ಇದರಿಂದ ಇನ್ನೊಂದು ಲಾಭ ಉಂಟು. ಓದದೆ ಬಿಟ್ಟರೆ ಕಲಿತ ಅಕ್ಷರ ಮರೆತುಹೋಗುತ್ತದೆ. ದಿನಾ ಓದಿದರೆ ಕೈಬಿಡುವುದಿಲ್ಲ.

ಹಣತೆಗೆ ಒಂದೇ ಸಲ ಕೊಡ ಎಣ್ಣೆ ಸುರಿದರೆ ಬತ್ತಿ ಮುಳುಗುತ್ತದೆ. ದಿನಾ ಒಂದು ಚಮಚ ಹಾಕಿದರೆ ಉರಿಯುತ್ತದೆ.

ಇವತ್ತು ಸಂಜೆಯೇ ಕೂರೋಣ, ಬನ್ನಿ.